ಎಮ್ಮೆ ಮಾಂಸದಲ್ಲಿ ಬಿಳಿ ಕಾಳು: ಕೊಬ್ಬಲ್ಲ, ಹುಳವೂ ಅಲ್ಲ; ಹಾಗಾದ್ರೆ ಏನು?

ಭಾನುವಾರ ಬೆಳಗ್ಗೆ ಮಾಂಸದಂಗಡಿ ಮುಂದೆ ಆಗಾಗ ಕೇಳಿಬರುವ ಮಾತು ಇದು. "ಭಾಯ್, ಇದೇನಿದು ಅಕ್ಕಿ ಕಾಳಿನ ಥರ ಬೆಳ್ಳಗೆ?" ಅಂತ ಗಿರಾಕಿ ಕೇಳ್ತಾರೆ. "ಕೊಬ್ಬು ಅಣ್ಣ, ಬೇಯಿಸಿದ್ರೆ ಕರಗಿ ಹೋಗುತ್ತೆ" ಅನ್ನೋ ಉತ್ತರ ಬರುತ್ತೆ. ಕೆಲವರು ಸುಮ್ಮನೆ ಕಟ್ಟಿಸಿಕೊಂಡು ಹೋಗ್ತಾರೆ. ಇನ್ನು ಕೆಲವರು "ಹುಳ ಬಿದ್ದಿರೋ ಮಾಂಸ ಕೊಡ್ತೀರಾ?" ಅಂತ ಜಗಳಕ್ಕೆ ನಿಲ್ತಾರೆ. ಯಾರಾದ್ರೂ ಮೊಬೈಲ್‌ನಲ್ಲಿ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ, ಆ ಅಂಗಡಿಯ ಒಂದು ವಾರದ ವ್ಯಾಪಾರ ಹೋಯ್ತು ಅಂತಲೇ ಲೆಕ್ಕ.

ಇಬ್ಬರೂ ಹೇಳಿದ್ದು ಪೂರ್ತಿ ಸರಿಯಲ್ಲ. ಆ ಬಿಳಿ ಕಾಳು ಕೊಬ್ಬಾಗಿರಬಹುದು. ಆದರೆ ಒಂದೇ ಅಳತೆಯಲ್ಲಿ, ಮಾಂಸದ ಎಳೆಗಳ ಉದ್ದಕ್ಕೇ, ಎರಡೂ ತುದಿ ಚೂಪಾಗಿ ಕೂತಿದ್ದರೆ ಅದು ಕೊಬ್ಬಲ್ಲ. ಹಾಗಂತ ಹರಿದಾಡುವ ಹುಳವೂ ಅಲ್ಲ. ಅದು ಸಾರ್ಕೊಸಿಸ್ಟಿಸ್ ಎಂಬ ಏಕಕೋಶ ಪರಾವಲಂಬಿಯ ಚೀಲ. ಒಂದೊಂದು ಚೀಲದೊಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಸಾವಿರಗಟ್ಟಲೆ ತುಂಬಿರುತ್ತವೆ.

ಇದು ಹೊಸ ರೋಗವೇನೂ ಅಲ್ಲ. 1843ರಲ್ಲೇ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಮೀಷರ್ ಇಲಿಯ ಮಾಂಸಖಂಡದಲ್ಲಿ ಬಿಳಿ ದಾರದಂಥ ಎಳೆಗಳನ್ನು ಕಂಡು ದಾಖಲಿಸಿದ್ದರು. ಅದು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ ಎಂಬುದು ಮಾತ್ರ ಸುಮಾರು 130 ವರ್ಷ ಗೊತ್ತಾಗಲಿಲ್ಲ. 1972ರ ಹೊತ್ತಿಗೆ ಆ ಗುಟ್ಟು ಬಿಚ್ಚಿಕೊಂಡಿತು. ಈ ಜೀವಿಗೆ ಬದುಕಲು ಎರಡು ಪ್ರಾಣಿ ಬೇಕು: ಹುಲ್ಲು ತಿನ್ನುವುದು ಒಂದು, ಮಾಂಸ ತಿನ್ನುವುದು ಇನ್ನೊಂದು.

ನಾಯಿ, ಬೆಕ್ಕು, ಎಮ್ಮೆ: ಚಕ್ರ ತಿರುಗುವುದು ಹೀಗೆ

ಚೀಲ ಇರುವ ಹಸಿ ಮಾಂಸವನ್ನು ನಾಯಿಯೋ ಬೆಕ್ಕೋ ತಿನ್ನುತ್ತದೆ. ಹೊಟ್ಟೆಯಲ್ಲಿ ಚೀಲ ಒಡೆದು, ಒಳಗಿನ ಜೀವಿಗಳು ಕರುಳಿನ ಗೋಡೆ ಸೇರಿ ಅಲ್ಲಿ ಸಂತಾನ ಬೆಳೆಸುತ್ತವೆ. ಒಂದೆರಡು ವಾರದಲ್ಲಿ ಆ ಪ್ರಾಣಿಯ ಮಲದಲ್ಲಿ ಮೊಟ್ಟೆಯಂಥ ಕಣಗಳು ಬೀಳಲು ಶುರುವಾಗುತ್ತವೆ. ಇದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುತ್ತದೆ. ನಾಯಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹಾಯಾಗಿ ಓಡಾಡಿಕೊಂಡಿರುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಆ ಮಲ ಮಳೆ ನೀರಿನಲ್ಲಿ ಹರಿದು ಹುಲ್ಲಿಗೆ, ಮೇವಿನ ಬಣವೆಗೆ, ಕೆರೆ ಅಂಚಿಗೆ ಸೇರುತ್ತದೆ. ಎಮ್ಮೆ, ದನ, ಕುರಿ ಅದನ್ನು ಮೇವಿನ ಜೊತೆ ತಿನ್ನುತ್ತವೆ. ಕಣಗಳು ಕರುಳಿನಿಂದ ರಕ್ತನಾಳಕ್ಕೆ ಇಳಿದು ಅಲ್ಲಿ ಕೆಲ ವಾರ ಹೆಚ್ಚುತ್ತವೆ. ಆಮೇಲೆ ಮಾಂಸಖಂಡ ಸೇರಿ ಚೀಲ ಕಟ್ಟಿಕೊಳ್ಳುತ್ತವೆ. ಮೇವಿನಲ್ಲಿ ಹೊಟ್ಟೆ ಸೇರಿದ ದಿನದಿಂದ ಚೀಲ ಬಲಿತು ಮುಂದಿನ ನಾಯಿಗೆ ಹರಡುವಂತಾಗಲು ಎರಡು-ಎರಡೂವರೆ ತಿಂಗಳು ಬೇಕು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ರೋಗ ಎಮ್ಮೆಯಿಂದ ಎಮ್ಮೆಗೆ ನೇರವಾಗಿ ಅಂಟುವುದಿಲ್ಲ. ನಾಯಿಯಿಂದ ನಾಯಿಗೂ ಅಂಟುವುದಿಲ್ಲ. ನಡುವೆ ಇನ್ನೊಂದು ಪ್ರಾಣಿ ಇರಲೇಬೇಕು. ಅಂದ್ರೆ ಎರಡರಲ್ಲಿ ಯಾವುದಾದರೂ ಒಂದು ಕೊಂಡಿ ಕಳಚಿದರೂ ಚಕ್ರ ನಿಲ್ಲುತ್ತದೆ. ಆ ಕೊಂಡಿಗಳಲ್ಲಿ ಒಂದು ಮಾಂಸದಂಗಡಿಯ ಬಾಗಿಲಲ್ಲೇ ಇದೆ. ಅಂಗಡಿ ಮುಂದೆ ಬಾಲ ಅಲ್ಲಾಡಿಸಿಕೊಂಡು ಕಾಯುವ ನಾಯಿಗೆ ಎಸೆಯುವ ಹಸಿ ತುಂಡೇ ಅದು.

ಎಲ್ಲ ಚೀಲವೂ ಒಂದೇ ಅಲ್ಲ

ಸಾರ್ಕೊಸಿಸ್ಟಿಸ್‌ನಲ್ಲಿ ಹಲವು ಜಾತಿಗಳಿವೆ. ಯಾವ ಜಾತಿ ಯಾವ ಪ್ರಾಣಿಯಿಂದ ಹರಡುತ್ತದೆ ಎಂಬುದು ಬಹುಪಾಲು ನಿಗದಿಯಾಗಿರುತ್ತದೆ.

ಎಮ್ಮೆಯಲ್ಲಿ ಕಣ್ಣಿಗೆ ಕಾಣುವ ದೊಡ್ಡ ಚೀಲಕ್ಕೆ ಕಾರಣ ಸಾರ್ಕೊಸಿಸ್ಟಿಸ್ ಫ್ಯೂಸಿಫಾರ್ಮಿಸ್. ಇದನ್ನು ಹರಡುವುದು ಬೆಕ್ಕು. ಅಕ್ಕಿ ಕಾಳಿನಿಂದ ಸೌತೆ ಬೀಜದ ಅಳತೆಯವರೆಗೆ, ಕೆಲವೊಮ್ಮೆ ಎರಡು-ಮೂರು ಸೆಂಟಿಮೀಟರ್ ಉದ್ದಕ್ಕೂ ಬೆಳೆಯುತ್ತದೆ. ಹೆಚ್ಚಾಗಿ ಅನ್ನನಾಳದ ಗೋಡೆಯಲ್ಲಿ ಸಿಗುತ್ತದೆ. ಗಂಟಲು, ನಾಲಿಗೆ, ಕುತ್ತಿಗೆ ಮಾಂಸದಲ್ಲೂ ಕಾಣಿಸಿಕೊಳ್ಳುತ್ತದೆ. ಬೆಕ್ಕಿನಿಂದಲೇ ಹರಡುವ ಇನ್ನೊಂದು ಜಾತಿ ಬಫಲೋನಿಸ್. ಇದರ ಚೀಲ ಸಣ್ಣದು. ನಾಯಿಯಿಂದ ಬರುವ ಲೆವಿನೈ ಎಂಬ ಜಾತಿಯ ಚೀಲ ಮೈಕ್ರೊಸ್ಕೋಪಿಗೆ ಮಾತ್ರ ಕಾಣುತ್ತದೆ.

ದನದಲ್ಲಿ ಮುಖ್ಯವಾಗಿ ಮೂರು ಜಾತಿ. ನಾಯಿಯಿಂದ ಬರುವ ಕ್ರೂಜಿ, ಬೆಕ್ಕಿನಿಂದ ಬರುವ ಹಿರ್ಸುಟಾ, ಮನುಷ್ಯನಿಂದಲೇ ಬರುವ ಹೋಮಿನಿಸ್. ಇವುಗಳಲ್ಲಿ ದನಕ್ಕೆ ಹೆಚ್ಚು ಕಾಟ ಕೊಡುವುದು ಕ್ರೂಜಿ. ಅದರ ಚೀಲ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಹೃದಯದ ಮಾಂಸವೆಂದರೆ ಅದಕ್ಕೆ ಬಲು ಇಷ್ಟ.

ಹಾಗಾಗಿ ಒಂದು ವಿಚಿತ್ರ ಪರಿಸ್ಥಿತಿ. ಕಣ್ಣಿಗೆ ಕಂಡು ಗಿರಾಕಿಯನ್ನು ಹೆದರಿಸುವ ದೊಡ್ಡ ಚೀಲ ಸಾಮಾನ್ಯವಾಗಿ ಅಷ್ಟು ಅಪಾಯದ್ದಲ್ಲ. ಪ್ರಾಣಿಗೆ ನಿಜವಾಗಿ ಕಾಯಿಲೆ ತರುವುದು ಕಣ್ಣಿಗೆ ಕಾಣುವುದೇ ಇಲ್ಲ.

ಕುರಿ, ಮೇಕೆ ಮಾಂಸ ಮಾರುವವರೂ ಇದರಿಂದ ಹೊರಗಿಲ್ಲ. ಕುರಿಯ ಅನ್ನನಾಳದಲ್ಲಿ ದೊಡ್ಡ ಚೀಲ ಕಟ್ಟುವ ಜಾತಿಯೊಂದಿದೆ; ಅದೂ ಬೆಕ್ಕಿನಿಂದ ಬರುವಂಥದ್ದು. ನಾಯಿಯಿಂದ ಬರುವ ಸಣ್ಣ ಚೀಲದ ಜಾತಿಗಳು ಕುರಿ, ಮೇಕೆ ಎರಡರಲ್ಲೂ ಇವೆ.

ನಮ್ಮ ರಾಜ್ಯದಲ್ಲಿ ಹೆಚ್ಚು ಕಾಣಲು ಒಂದು ಕಾರಣ

ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ ಪ್ರಕಾರ ಹಸು, ಕರು, ಹೋರಿ, ಎತ್ತುಗಳನ್ನು ವಧೆ ಮಾಡುವಂತಿಲ್ಲ. 13 ವರ್ಷದೊಳಗಿನ ಎಮ್ಮೆ, ಕೋಣಗಳಿಗೂ ಅದೇ ನಿಯಮ. ಅಂದ್ರೆ ಇಲ್ಲಿ ಕಾನೂನುಬದ್ಧವಾಗಿ ಮಾಂಸಕ್ಕೆ ಬರುವ ದೊಡ್ಡ ಜಾನುವಾರು ಎಂದರೆ 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ. ಅದಕ್ಕೂ ಸಕ್ಷಮ ಅಧಿಕಾರಿಯ ಪ್ರಮಾಣಪತ್ರ ಬೇಕು.

ಮಾಂಸದೊಳಗಿನ ಚೀಲಕ್ಕೂ ವಯಸ್ಸಿಗೂ ನೇರ ಸಂಬಂಧವಿದೆ. ಪ್ರತಿ ವರ್ಷ ಮೇಯುವಾಗ ಒಂದಿಷ್ಟು ಕಣ ಹೊಟ್ಟೆಗೆ ಹೋಗುತ್ತಲೇ ಇರುತ್ತದೆ, ಮಾಂಸದಲ್ಲಿ ಚೀಲ ಸೇರುತ್ತಲೇ ಇರುತ್ತದೆ. ಎಳೆ ಕರುವಿನಲ್ಲಿ ಇಲ್ಲದ್ದು ಮುದಿ ಎಮ್ಮೆಯಲ್ಲಿ ಎದ್ದು ಕಾಣುತ್ತದೆ. ಬೇರೆ ಬೇರೆ ದೇಶಗಳ ಸಮೀಕ್ಷೆಗಳಲ್ಲೂ ವಯಸ್ಸಾದ ಎಮ್ಮೆಗಳಲ್ಲೇ ದೊಡ್ಡ ಚೀಲ ಹೆಚ್ಚು ಸಿಕ್ಕಿದೆ. ಹೀಗಾಗಿ ಹದಿಮೂರು ದಾಟಿದ ಎಮ್ಮೆಯ ಮಾಂಸದಲ್ಲಿ ಬಿಳಿ ಕಾಳು ಕಂಡರೆ ಅದು ಆಶ್ಚರ್ಯದ ಸಂಗತಿಯಲ್ಲ. ಅಂಗಡಿಯವರು ಮೋಸ ಮಾಡಿದ್ದಾರೆ ಎಂದು ಅದರಿಂದಲೇ ತೀರ್ಮಾನಿಸುವಂತೆಯೂ ಇಲ್ಲ.

ಎಷ್ಟು ಸಾಮಾನ್ಯ? ಲೆಕ್ಕ ಯಾಕೆ ಕೂಡುವುದಿಲ್ಲ?

ಪ್ರಪಂಚದಲ್ಲಿ ದನ ಸಾಕುವ ಎಲ್ಲ ಕಡೆಯೂ ಸಾರ್ಕೊಸಿಸ್ಟಿಸ್ ಇದೆ. ಹಲವು ದೇಶಗಳಲ್ಲಿ ಬೆಳೆದ ದನಗಳ ಮಾಂಸವನ್ನು ಮೈಕ್ರೊಸ್ಕೋಪಿನಲ್ಲಿ ನೋಡಿದಾಗ ನೂರಕ್ಕೆ 70ರಿಂದ 90, ಕೆಲವೆಡೆ ಅದಕ್ಕೂ ಹೆಚ್ಚು ಪ್ರಾಣಿಗಳಲ್ಲಿ ಚೀಲ ಸಿಕ್ಕಿದೆ. ಯೂರೋಪ್, ಅಮೆರಿಕದಂಥ ಕಡೆಯೂ ಇದಕ್ಕೆ ಹೊರತಲ್ಲ.

ಆದರೆ ಒಂದು ವರದಿ ನೂರಕ್ಕೆ ಐದು ಅನ್ನುತ್ತದೆ, ಇನ್ನೊಂದು ತೊಂಬತ್ತು ಅನ್ನುತ್ತದೆ. ಯಾವುದು ಸರಿ? ಎರಡೂ ಸರಿಯೇ ಇರಬಹುದು. ಹುಡುಕಿದ ವಿಧಾನ ಬೇರೆ, ಅಷ್ಟೇ. ಬರಿಗಣ್ಣಲ್ಲಿ ನೋಡಿದವರಿಗೆ ದೊಡ್ಡ ಚೀಲ ಮಾತ್ರ ಸಿಗುತ್ತದೆ. ಅದೇ ಮಾಂಸವನ್ನು ಲ್ಯಾಬಿನಲ್ಲಿ ಕರಗಿಸಿ ನೋಡಿದವರಿಗೆ ಸಣ್ಣದೂ ಸಿಗುತ್ತದೆ. ಜೊತೆಗೆ ಯಾವ ಭಾಗ ತೆಗೆದುಕೊಂಡರು ಎಂಬುದೂ ಮುಖ್ಯ. ತೊಡೆ ಮಾಂಸದಲ್ಲಿ ಹುಡುಕಿ 'ಇಲ್ಲ' ಅಂದವರಿಗೆ ಅದೇ ಪ್ರಾಣಿಯ ಹೃದಯದಲ್ಲೋ ಅನ್ನನಾಳದಲ್ಲೋ ಸಿಕ್ಕಿರುತ್ತಿತ್ತು.

ಆದ್ದರಿಂದ ಪೇಪರಿನಲ್ಲೋ ಮೊಬೈಲಿನಲ್ಲೋ "ಇಷ್ಟು ಪರ್ಸೆಂಟ್ ಮಾಂಸದಲ್ಲಿ ಪರಾವಲಂಬಿ" ಎಂಬ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ಯಾವ ವಯಸ್ಸಿನ ಪ್ರಾಣಿ? ಯಾವ ಭಾಗದ ಮಾಂಸ? ಕಣ್ಣಲ್ಲಿ ನೋಡಿದ್ದೋ, ಲ್ಯಾಬಿನಲ್ಲಿ ನೋಡಿದ್ದೋ?

ಪತ್ತೆ ಹಚ್ಚುವುದು ಹೇಗೆ?

ಮೊದಲನೆಯದು ಕಣ್ಣು, ಕೈ, ಚಾಕು. ಪಶುವೈದ್ಯರು ಅನ್ನನಾಳ, ನಾಲಿಗೆ, ದವಡೆ, ಹೃದಯ, ವಪೆಯ ಮಾಂಸ ನೋಡುತ್ತಾರೆ, ಕೈಯಲ್ಲಿ ಒತ್ತಿ ನೋಡುತ್ತಾರೆ, ಬೇಕಾದ ಕಡೆ ಕೊಯ್ದು ನೋಡುತ್ತಾರೆ. ಖರ್ಚಿಲ್ಲ, ಬೇಗ ಆಗುತ್ತದೆ. ಆದರೆ ಸಣ್ಣ ಚೀಲ ತಪ್ಪಿಸಿಕೊಳ್ಳುತ್ತದೆ.

ಎರಡನೆಯದು ಒತ್ತಿ ನೋಡುವ ವಿಧಾನ. ಅಕ್ಕಿ ಕಾಳಿನಷ್ಟು ಮಾಂಸದ ಚೂರುಗಳನ್ನು ಎರಡು ದಪ್ಪ ಗಾಜಿನ ನಡುವೆ ಇಟ್ಟು ತೆಳ್ಳಗೆ ಒತ್ತಿ, ಮೈಕ್ರೊಸ್ಕೋಪಿನ ಕೆಳಗೆ ನೋಡುತ್ತಾರೆ. ಚೀಲ ಉದ್ದನೆಯ ನೆರಳಿನಂತೆ ಕಾಣುತ್ತದೆ.

ಮೂರನೆಯದು ಜೀರ್ಣ ಮಾಡಿಸುವ ವಿಧಾನ. ಇದು ಲ್ಯಾಬಿನಲ್ಲೊಂದು ಕೃತಕ ಹೊಟ್ಟೆ ಮಾಡಿದಂತೆ. ಮಾಂಸವನ್ನು ಖೀಮಾ ಮಾಡಿ, ಹೊಟ್ಟೆಯಲ್ಲಿರುವಂಥದೇ ಪೆಪ್ಸಿನ್ ಮತ್ತು ಆಮ್ಲದ ದ್ರಾವಣದಲ್ಲಿ ಮೈ ಬಿಸಿಯಷ್ಟು ಶಾಖದಲ್ಲಿ ಕಲಕುತ್ತಾರೆ. ಮಾಂಸದ ಎಳೆ ಕರಗುತ್ತದೆ. ಚೀಲದೊಳಗಿನ ಜೀವಿ ಮಾತ್ರ ಬೇಗ ಕರಗುವುದಿಲ್ಲ. ನಾಯಿ, ಬೆಕ್ಕಿನ ಹೊಟ್ಟೆ ದಾಟಿ ಕರುಳು ಸೇರುವುದೇ ಅದರ ದಾರಿಯಾದ್ದರಿಂದ ಆಮ್ಲ ತಡೆದುಕೊಳ್ಳುವ ಶಕ್ತಿ ಅದಕ್ಕಿದೆ. ಆ ದ್ರಾವಣವನ್ನು ಸೋಸಿ, ಯಂತ್ರದಲ್ಲಿ ತಿರುಗಿಸಿ, ತಳದಲ್ಲಿ ಉಳಿದದ್ದನ್ನು ನೋಡಿದರೆ ಬಾಳೆಹಣ್ಣಿನ ಆಕಾರದ ಸಣ್ಣ ಸಣ್ಣ ಕಣ ಸಿಗುತ್ತದೆ. ಸೋಂಕು ಕಡಿಮೆ ಇದ್ದರೂ ಈ ವಿಧಾನ ಹಿಡಿದುಕೊಡುತ್ತದೆ.

ನಾಲ್ಕನೆಯದು ಮಾಂಸದ ತೆಳು ಪದರ ಕೊಯ್ದು ಬಣ್ಣ ಹಾಕಿ ನೋಡುವುದು. ಇದರಲ್ಲಿ ಚೀಲದ ಗೋಡೆ ದಪ್ಪವೋ ತೆಳುವೋ ಗೊತ್ತಾಗುತ್ತದೆ. ಕ್ರೂಜಿಯ ಗೋಡೆ ತೀರಾ ತೆಳು. ಹಿರ್ಸುಟಾ, ಹೋಮಿನಿಸ್ ಎರಡರ ಗೋಡೆಯೂ ದಪ್ಪ, ಗೆರೆಗೆರೆ. ಆದರೆ ಬೆಕ್ಕಿನಿಂದ ಬಂದ ಹಿರ್ಸುಟಾ ಯಾವುದು, ಮನುಷ್ಯರಿಗೆ ತಗಲುವ ಹೋಮಿನಿಸ್ ಯಾವುದು ಎಂದು ಸಾಮಾನ್ಯ ಮೈಕ್ರೊಸ್ಕೋಪಿನಲ್ಲಿ ಬೇರೆ ಮಾಡುವುದು ಕಷ್ಟ.

ಅದಕ್ಕೇ ಐದನೆಯದು: ಪಿಸಿಆರ್. ಕೊರೊನಾ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಪರೀಕ್ಷೆಯೇ. ಪರಾವಲಂಬಿಯ ಡಿಎನ್ಎ ನೋಡಿ ಜಾತಿ ಯಾವುದೆಂದು ಹೇಳುತ್ತದೆ. ಇದು ಸಂಶೋಧನೆಗೆ ಬಳಸುವಂಥದ್ದು. ದಿನನಿತ್ಯ ಮಾಂಸದಂಗಡಿಯ ಮಾಂಸಕ್ಕೆ ಮಾಡಿಸುವಂಥದ್ದಲ್ಲ.

ಇನ್ನೊಂದು ಗುಳ್ಳೆ: ಲಾಡಿಹುಳುವಿನ ಮರಿ

ಮಾಂಸದಲ್ಲಿ ಕಾಣುವ ಎಲ್ಲ ಬಿಳಿಯೂ ಸಾರ್ಕೊಸಿಸ್ಟಿಸ್ ಅಲ್ಲ. ಬಟಾಣಿ ಕಾಳಿನಷ್ಟು ದುಂಡಗೆ, ಒಳಗೆ ನೀರು ತುಂಬಿ, ಮಧ್ಯೆ ಬಿಳಿ ಚುಕ್ಕೆ ಇರುವ ಗುಳ್ಳೆ ಕಂಡರೆ ಅದು ಬೇರೆ ಕಥೆ. ಅದು ಟೀನಿಯಾ ಸ್ಯಾಜಿನೇಟಾ ಎಂಬ ಲಾಡಿಹುಳುವಿನ ಮರಿ ಆಗಿರಬಹುದು. ದವಡೆ, ನಾಲಿಗೆ, ಹೃದಯದಲ್ಲಿ ಹೆಚ್ಚಾಗಿ ಸಿಗುತ್ತದೆ.

ಈ ಹುಳು ದೊಡ್ಡದಾಗಿ ಬೆಳೆಯುವುದು ಮನುಷ್ಯನ ಕರುಳಿನಲ್ಲಿ ಮಾತ್ರ. ಹಲವು ಮೀಟರ್ ಉದ್ದ ಬೆಳೆದು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಅದರ ಮೊಟ್ಟೆ ಮನುಷ್ಯನ ಮಲದಲ್ಲಿ ಹೊರಬೀಳುತ್ತದೆ. ಬಯಲಿಗೆ ಹೋಗುವ ಕಡೆ, ಚರಂಡಿ ನೀರು ಹುಲ್ಲಿಗೆ ಹರಿಯುವ ಕಡೆ ಜಾನುವಾರಿನ ಹೊಟ್ಟೆ ಸೇರುತ್ತದೆ. ಹಸಿ ಅಥವಾ ಅರೆಬೆಂದ ಮಾಂಸ ತಿಂದವರಿಗೆ ಮತ್ತೆ ಹುಳು. ಇಥಿಯೋಪಿಯಾದಲ್ಲಿ ಹಸಿ ದನದ ಮಾಂಸ ತಿನ್ನುವ ಪದ್ಧತಿ ಇರುವುದರಿಂದ ಅಲ್ಲಿ ಈ ಹುಳು ಬಹಳ ಸಾಮಾನ್ಯ. ನಮ್ಮಲ್ಲಿ ಮಾಂಸವನ್ನು ಚೆನ್ನಾಗಿ ಬೇಯಿಸುವ ರೂಢಿಯೇ ದೊಡ್ಡ ರಕ್ಷಣೆ.

ಹಂದಿ ಮಾಂಸದ ಲಾಡಿಹುಳು ಬೇರೆ. ಅದರ ಹೆಸರು ಟೀನಿಯಾ ಸೋಲಿಯಮ್. ಅದು ಹೆಚ್ಚು ಅಪಾಯಕಾರಿ. ಅದರ ಮೊಟ್ಟೆ ತರಕಾರಿ, ನೀರು, ಕೊಳಕು ಕೈಯಿಂದ ಮನುಷ್ಯನ ಹೊಟ್ಟೆ ಸೇರಿದರೆ ಮರಿ ಮೆದುಳಿನಲ್ಲಿ ಗುಳ್ಳೆ ಕಟ್ಟಿ ಮೂರ್ಛೆ ರೋಗ ತರಬಹುದು. ಮಾಂಸವೇ ಮುಟ್ಟದವರಿಗೂ ಇದು ಬರುತ್ತದೆ. ದನ, ಎಮ್ಮೆಯ ಲಾಡಿಹುಳುವಿನ ಮೊಟ್ಟೆಯಿಂದ ಮನುಷ್ಯನಿಗೆ ಹೀಗಾಗುವುದಿಲ್ಲ. ವಾಟ್ಸಾಪ್‌ನಲ್ಲಿ ಎರಡನ್ನೂ ಬೆರೆಸಿ ಹೆದರಿಸುವ ಸಂದೇಶಗಳು ಬಂದಾಗ ಈ ವ್ಯತ್ಯಾಸ ನೆನಪಿರಲಿ.

ಲಾಡಿಹುಳುವಿನ ಮರಿಯ ವಿಷಯದಲ್ಲೂ ಕಣ್ಣಿನ ತಪಾಸಣೆಗೆ ಮಿತಿ ಇದೆ. ಪ್ರಾಣಿಯಲ್ಲಿ ನಾಲ್ಕೈದು ಗುಳ್ಳೆ ಮಾತ್ರ ಇದ್ದರೆ, ನಿಯಮದ ಪ್ರಕಾರ ದವಡೆ, ಹೃದಯ ಕೊಯ್ದು ನೋಡಿದರೂ ಅರ್ಧಕ್ಕಿಂತ ಹೆಚ್ಚು ಪ್ರಕರಣ ಕಣ್ತಪ್ಪುತ್ತವೆ. ಸೀಲ್ ಬಿದ್ದ ಮಾಂಸ ಎಂದರೆ ಅಪಾಯ ಕಡಿಮೆ ಎಂದರ್ಥ, ಶೂನ್ಯ ಎಂದಲ್ಲ. ಉಳಿದ ಕೆಲಸ ಅಡುಗೆಮನೆಯ ಬೆಂಕಿಯದು.

ತಿಂದರೆ ಏನಾಗುತ್ತೆ?

ಎಮ್ಮೆಯ ಅನ್ನನಾಳದಲ್ಲಿ ಕಾಣುವ ದೊಡ್ಡ ಚೀಲದ ಜಾತಿ ಬೆಕ್ಕಿಗೆ ಹೊಂದಿಕೊಂಡದ್ದು. ಅದು ಮನುಷ್ಯನಿಗೆ ಸೋಂಕು ತರುತ್ತದೆ ಎಂಬುದು ಸಾಬೀತಾಗಿಲ್ಲ. ಮನುಷ್ಯನ ಕರುಳಿಗೆ ತಗಲುವುದು ಹೋಮಿನಿಸ್‌ನಂಥ ಕೆಲವೇ ಜಾತಿ. ಅದೂ ಹಸಿ ಅಥವಾ ಅರೆಬೆಂದ ಮಾಂಸ ತಿಂದಾಗ. ಕೆಲವು ಗಂಟೆಗಳಿಂದ ಒಂದೆರಡು ದಿನದೊಳಗೆ ವಾಕರಿಕೆ, ಹೊಟ್ಟೆನೋವು, ಭೇದಿ ಆಗಬಹುದು. ಬಹಳಷ್ಟು ಜನರಿಗೆ ತಾನಾಗಿಯೇ ಕಡಿಮೆಯಾಗುತ್ತದೆ. ಕೆಲವರಿಗೆ ಏನೂ ಗೊತ್ತಾಗುವುದೇ ಇಲ್ಲ. ಭೇದಿ ನಿಲ್ಲದಿದ್ದರೆ, ಮಕ್ಕಳು, ವಯಸ್ಸಾದವರು ಸುಸ್ತಾದರೆ ಡಾಕ್ಟರ್ ಹತ್ತಿರ ಹೋಗಲೇಬೇಕು.

ಬೆಂಕಿಗೆ ಇವು ನಿಲ್ಲುವುದಿಲ್ಲ. ಹಂದಿ ಮಾಂಸದ ಸಾರ್ಕೊಸಿಸ್ಟಿಸ್ ಮೇಲೆ ಭಾರತೀಯ ವಿಜ್ಞಾನಿಗಳು ನಡೆಸಿ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 60 ಡಿಗ್ರಿಯಲ್ಲಿ 20 ನಿಮಿಷ, 70 ಡಿಗ್ರಿಯಲ್ಲಿ 15 ನಿಮಿಷ, 100 ಡಿಗ್ರಿಯಲ್ಲಿ 5 ನಿಮಿಷ ಇಟ್ಟಾಗ ಚೀಲ ಸೋಂಕು ಹರಡುವ ಶಕ್ತಿ ಕಳೆದುಕೊಂಡಿತು. ಕುಕ್ಕರಿನಲ್ಲಿ ನಾಲ್ಕೈದು ವಿಷಲ್ ಕೂಗಿಸಿ ಬೇಯಿಸುವ ಮನೆಯಲ್ಲಿ ಈ ಲೆಕ್ಕ ಆರಾಮಾಗಿ ದಾಟುತ್ತದೆ. ಎಚ್ಚರ ಬೇಕಾದದ್ದು ಕಬಾಬ್, ಸೀಖ್, ತವಾ ಮೇಲೆ ಹುರಿದ ದಪ್ಪ ತುಂಡುಗಳಲ್ಲಿ. ಹೊರಗೆ ಕಪ್ಪಾಗಿ, ಒಳಗೆ ಕೆಂಪು ಉಳಿದಿದ್ದರೆ ಬೆಂದಿಲ್ಲ ಎಂದೇ ಅರ್ಥ.

ಚಳಿಯೂ ಕೊಲ್ಲುತ್ತದೆ. ಅದೇ ಪ್ರಯೋಗದಲ್ಲಿ ಮೈನಸ್ 4 ಡಿಗ್ರಿಯಲ್ಲಿ ಎರಡು ದಿನ, ಮೈನಸ್ 20 ಡಿಗ್ರಿಯಲ್ಲಿ ಒಂದು ದಿನ ಸಾಕಾಯಿತು. ಲಾಡಿಹುಳುವಿನ ಮರಿಗೆ ಮೈನಸ್ 10 ಡಿಗ್ರಿಯಲ್ಲಿ ಕನಿಷ್ಠ 10 ದಿನ ಎಂಬುದು ಚಾಲ್ತಿಯಲ್ಲಿರುವ ಲೆಕ್ಕ. ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇಟ್ಟದ್ದು ಲೆಕ್ಕಕ್ಕೆ ಬರುವುದಿಲ್ಲ, ಡೀಪ್ ಫ್ರೀಜರ್ ಬೇಕು. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಲ್ಲಿ ಫ್ರೀಜರ್ ನಂಬುವುದಕ್ಕಿಂತ ಒಲೆ ನಂಬುವುದೇ ವಾಸಿ.

ರೈತರಿಗೆ ಯಾಕೆ ಮುಖ್ಯ?

ಮಾಂಸ ತಿನ್ನದವರೂ ಈ ವಿಷಯ ತಿಳಿದಿರಬೇಕು. ಯಾಕಂದ್ರೆ ನಷ್ಟ ಶುರುವಾಗುವುದು ಕೊಟ್ಟಿಗೆಯಲ್ಲಿ. ಸ್ವಲ್ಪ ಸ್ವಲ್ಪ ಕಣ ಹೊಟ್ಟೆಗೆ ಹೋದರೆ ದನಕ್ಕೆ ಏನೂ ತೋರುವುದಿಲ್ಲ. ಒಂದೇ ಸಲ ಹೆಚ್ಚು ಹೋದರೆ ಜ್ವರ ಬರುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಮೈ ಬಡಕಲಾಗುತ್ತದೆ. ಬಾಲದ ಕುಚ್ಚಿನ ಕೂದಲು ಉದುರುತ್ತದೆ. ಗಬ್ಬದ ಹಸು ಕಂದು ಹಾಕಲೂಬಹುದು. ಕಂದು ಹಾಕುವುದಕ್ಕೆ ಬ್ರುಸೆಲ್ಲಾ ಸೇರಿದಂತೆ ಬೇರೆ ಕಾರಣಗಳೂ ಇರುವುದರಿಂದ ಪಶುವೈದ್ಯರು ನೋಡದೆ ತೀರ್ಮಾನ ಮಾಡುವಂತಿಲ್ಲ.

ಮಾಂಸದಲ್ಲಿ ಒಮ್ಮೆ ಕೂತ ಚೀಲವನ್ನು ಕರಗಿಸುವ ಔಷಧಿ ರೈತರ ಬಳಕೆಯಲ್ಲಿಲ್ಲ. ದನಕ್ಕೆ ಹಾಕಿಸುವ ಲಸಿಕೆಯೂ ಇಲ್ಲ. ನಾಯಿಗೆ ಕೊಡುವ ಜಂತುಹುಳು ಮಾತ್ರೆ ಲಾಡಿಹುಳುವಿಗೆ ಕೆಲಸ ಮಾಡುತ್ತದೆ, ಸಾರ್ಕೊಸಿಸ್ಟಿಸ್‌ಗೆ ಮಾಡುವುದಿಲ್ಲ. ಅದು ಹುಳುವೇ ಅಲ್ಲವಲ್ಲ. ಹಾಗಾಗಿ ಉಳಿದಿರುವುದು ತಡೆಯುವ ದಾರಿಯೊಂದೇ.

ಆ ದಾರಿ ಸುಲಭದ್ದು. ಮೇವಿನ ಬಣವೆ ಮೇಲೆ, ಹಿಂಡಿ-ಬೂಸಾ ಇಡುವ ಕೋಣೆಯಲ್ಲಿ ನಾಯಿ, ಬೆಕ್ಕು ಮಲಗದಂತೆ ನೋಡಿಕೊಳ್ಳುವುದು. ಕುಡಿಯುವ ನೀರಿನ ತೊಟ್ಟಿ ಎತ್ತರದಲ್ಲಿಡುವುದು. ಸತ್ತ ಕರು, ಕುರಿಯನ್ನು ಹಳ್ಳಕ್ಕೆ ಎಸೆಯದೆ, ನಾಯಿ ಕೆದರದಷ್ಟು ಆಳಕ್ಕೆ ಹೂಳುವುದು. ಮನೆ ನಾಯಿಗೆ ಮಾಂಸ ಹಾಕುವುದಾದರೆ ಬೇಯಿಸಿಯೇ ಹಾಕುವುದು.

ಅಂಗಡಿಯವರು ಏನು ಮಾಡಬೇಕು?

ನಿಯಮದ ಪ್ರಕಾರ ವಧೆ ನಡೆಯಬೇಕಾದ್ದು ಮಾನ್ಯತೆ ಪಡೆದ ಕಸಾಯಿಖಾನೆಯಲ್ಲಿ. ಅಲ್ಲಿ ವಧೆಗೆ ಮೊದಲೂ ನಂತರವೂ ತಪಾಸಣೆ ಆಗಬೇಕು. 2001ರ ಕಸಾಯಿಖಾನೆ ನಿಯಮಗಳು ಪಶುವೈದ್ಯರೊಬ್ಬರು ಗಂಟೆಗೆ 12ಕ್ಕಿಂತ ಹೆಚ್ಚು, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿ ನೋಡಬಾರದು ಎನ್ನುತ್ತವೆ. ಅಂದ್ರೆ ಒಂದು ಪ್ರಾಣಿಗೆ ಕಡಿಮೆಯೆಂದರೂ ಐದು ನಿಮಿಷ. ಮಾಂಸ ಮಾರುವ ಅಂಗಡಿಗೆ ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಅಥವಾ ಪರವಾನಗಿ ಬೇಕು.

ಚೀಲ ಅಲ್ಲೊಂದು ಇಲ್ಲೊಂದು ಇದ್ದರೆ ಆ ಭಾಗ ಕೊಯ್ದು ತೆಗೆಯುವುದು ವಾಡಿಕೆ. ಮಾಂಸದ ತುಂಬಾ ಹರಡಿದ್ದರೆ, ಮಾಂಸ ಹಸಿರು ಬಣ್ಣಕ್ಕೆ ತಿರುಗಿದ್ದರೆ ಅಥವಾ ನೀರು ನೀರಾಗಿದ್ದರೆ ಅದು ಮಾರುವಂಥದ್ದಲ್ಲ. ಎಷ್ಟು ತೆಗೆಯಬೇಕು, ಎಷ್ಟು ಇಡಬೇಕು ಎಂಬುದನ್ನು ಪಶುವೈದ್ಯರೇ ಹೇಳಬೇಕು, ಅಂಗಡಿಯವರ ಕಣ್ಣಳತೆಯಲ್ಲ.

ಮುಖ್ಯ ಪ್ರಶ್ನೆ ಮುಂದಿನದು: ಕೊಯ್ದು ತೆಗೆದದ್ದು ಎಲ್ಲಿಗೆ ಹೋಗುತ್ತದೆ? ಬಹಳ ಕಡೆ ಅನ್ನನಾಳ, ಗಂಟಲು, ಕೆಟ್ಟ ಚೂರು ಎಲ್ಲ ಒಂದು ಚೀಲಕ್ಕೆ ತುಂಬಿ ಊರ ಹೊರಗಿನ ಹಳ್ಳಕ್ಕೋ ರಸ್ತೆ ಬದಿಗೋ ಬೀಳುತ್ತದೆ. ರಾತ್ರಿ ನಾಯಿಗಳು ಎಳೆದಾಡುತ್ತವೆ. ಗಿರಾಕಿಗೆ ಬೇಡವೆಂದು ಬದಿಗಿಟ್ಟ ಚೀಲವೇ ಮತ್ತೆ ಊರಿನ ಮೇವಿಗೆ ಬರುವ ದಾರಿ ಇದು. ಚಳಿಗಾಲಕ್ಕೆ ಎಸೆದದ್ದು ಬೇಸಿಗೆಗೆ ಪಕ್ಕದ ಹಳ್ಳಿಯ ಎಮ್ಮೆಯೊಳಗೆ ಚೀಲವಾಗಿ ಕೂತಿರಬಹುದು.

ಇದೇ ತ್ಯಾಜ್ಯದಲ್ಲಿ ಇನ್ನೊಂದು ಅಪಾಯವೂ ಇದೆ. ಕಲೀಜಾ, ಶ್ವಾಸಕೋಶದಲ್ಲಿ ನೀರು ತುಂಬಿದ ದೊಡ್ಡ ಗುಳ್ಳೆಗಳು ಕೆಲವೊಮ್ಮೆ ಸಿಗುತ್ತವೆ. ಅದು ನಾಯಿಯ ಲಾಡಿಹುಳುವೊಂದರ ಮರಿ. ನಾಯಿ ಅದನ್ನು ತಿಂದರೆ ಹುಳುವಿನ ಮೊಟ್ಟೆ ಅದರ ಮಲದಲ್ಲಿ ಬರುತ್ತದೆ. ನಾಯಿಯ ಜೊತೆ ಆಡುವ ಮಕ್ಕಳ ಕೈಯಿಂದ ಬಾಯಿಗೆ ಹೋದರೆ ಮನುಷ್ಯರ ಕಲೀಜಾದಲ್ಲೂ ಅದೇ ಗುಳ್ಳೆ ಬೆಳೆಯುತ್ತದೆ. ಆಪರೇಷನ್ ಮಾಡಬೇಕಾಗಿ ಬರಬಹುದು. ಹಸಿ ತ್ಯಾಜ್ಯ ನಾಯಿಗೆ ಸಿಗದಂತೆ ಮಾಡಿದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ.

ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಮುಚ್ಚಳ ಇರುವ ಡ್ರಮ್, ಪಟ್ಟಣ ಪಂಚಾಯಿತಿ ಅಥವಾ ಪುರಸಭೆಯ ಗಾಡಿಗೆ ಪ್ರತ್ಯೇಕವಾಗಿ ಕೊಡುವ ವ್ಯವಸ್ಥೆ, ಅದಿಲ್ಲದ ಕಡೆ ಸುಣ್ಣ ಹಾಕಿ ಆಳವಾಗಿ ಹೂಳುವ ಗುಂಡಿ. ನಾಲ್ಕೈದು ಅಂಗಡಿಯವರು ಸೇರಿಕೊಂಡರೆ ಖರ್ಚೂ ಹಂಚಿಹೋಗುತ್ತದೆ. ತ್ಯಾಜ್ಯದ ಗಾಡಿ ವಾರಕ್ಕೊಮ್ಮೆ ಮಾತ್ರ ಬರುವ ಊರಲ್ಲಿ ಅಂಗಡಿಯವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಅದನ್ನು ವಾರ್ಡ್ ಸದಸ್ಯರ ಹತ್ತಿರವೂ ಕೇಳಬೇಕು.

ಗಿರಾಕಿ ನೆನಪಿಡಬೇಕಾದ್ದು

• ಉದ್ದಕ್ಕೆ, ಚೂಪು ತುದಿಯ, ಅಕ್ಕಿ ಕಾಳಿನಂಥ ಬಿಳಿ: ಸಾರ್ಕೊಸಿಸ್ಟಿಸ್ ಇರಬಹುದು. ಆ ತುಂಡು ಬದಲಿಸಿ ಕೊಡಲು ಕೇಳಿ.

• ದುಂಡಗೆ, ನೀರು ತುಂಬಿದ, ಒಳಗೆ ಬಿಳಿ ಚುಕ್ಕೆ ಇರುವ ಗುಳ್ಳೆ: ಲಾಡಿಹುಳುವಿನ ಮರಿ ಇರಬಹುದು. ಆ ಮಾಂಸ ಬೇಡ. ಅಂಗಡಿಯವರಿಗೆ ತೋರಿಸಿ, ಪಶು ಆಸ್ಪತ್ರೆಗೆ ತಿಳಿಸಿ.

• ಒತ್ತಿದರೆ ಬೆರಳಿಗೆ ಜಿಡ್ಡು ಹತ್ತುವ, ಅಳತೆ ಆಕಾರ ಇಲ್ಲದ ಬಿಳಿ: ಕೊಬ್ಬು. ಚಿಂತೆ ಇಲ್ಲ.

• ಮಾಂಸ ಕೊಯ್ದ ಮೇಲೆ ಚಾಕು, ಹಲಗೆ, ಕೈ ಸೋಪು ಹಾಕಿ ತೊಳೆಯಿರಿ. ಅದೇ ಹಲಗೆಯಲ್ಲಿ ಸೌತೆಕಾಯಿ, ಈರುಳ್ಳಿ ಹೆಚ್ಚಬೇಡಿ.

• ಒಳಗಿನ ಕೆಂಪು ಹೋಗುವವರೆಗೆ ಬೇಯಿಸಿ. ಉಪ್ಪು, ಖಾರ ಸವರುವಾಗ 'ರುಚಿ ನೋಡೋಣ' ಅಂತ ಹಸಿ ಖೀಮಾ ಬಾಯಿಗೆ ಹಾಕಬೇಡಿ.

• ಬದಿಗಿಟ್ಟ ಹಸಿ ಚೂರನ್ನು ಬೀದಿ ನಾಯಿಗೂ, ಮನೆ ಬೆಕ್ಕಿಗೂ ಹಾಕಬೇಡಿ.

ಜಾನುವಾರಿಗೆ ಜ್ವರ, ಹಾಲು ಇಳಿಕೆ, ಬಾಲದ ಕೂದಲು ಉದುರುವುದು, ಕಂದು ಹಾಕುವುದು ಕಂಡರೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಬಹುದು ಅಥವಾ ಪಶು ಸಂಚಾರಿ ಚಿಕಿತ್ಸಾ ಘಟಕದ 1962 ನಂಬರಿಗೆ ಕರೆ ಮಾಡಬಹುದು.

ಮುಂದಿನ ಸಲ ಬಿಳಿ ಕಾಳು ಕಂಡಾಗ ಗಿರಾಕಿ "ಹುಳ" ಅಂತ ಕೂಗಬೇಕಿಲ್ಲ, ಅಂಗಡಿಯವರು "ಕೊಬ್ಬು" ಅಂತ ಸಾಗಹಾಕಬೇಕಿಲ್ಲ. "ಹೌದಣ್ಣ, ವಯಸ್ಸಾದ ಎಮ್ಮೆಯಲ್ಲಿ ಬರುತ್ತೆ, ಈ ತುಂಡು ತೆಗೆದಿಡ್ತೀನಿ, ಬೇರೆ ಕೊಡ್ತೀನಿ" ಅಂದ್ರೆ ಸಾಕು. ತೆಗೆದಿಟ್ಟ ತುಂಡು ಮುಚ್ಚಳದ ಡ್ರಮ್ಮಿಗೆ ಹೋಗಬೇಕು, ಬಾಗಿಲಲ್ಲಿ ಕಾಯುತ್ತಿರುವ ನಾಯಿಗಲ್ಲ.